ಬರ್ತೇನೆ ಎಂದು ಹೊರಡುವುದು

ಡಾಕ್ಟರು ನನ್ನ ಪೆನ್ನು ಇಸಕೊಂಡು ತಮ್ಮ ಮೇಜಿನ ಡ್ರಾಯರಿನಲ್ಲಿ ಹಾಕಿದರು. "ನಾನು ನಿಮ್ಮ ಫೈಲು ಮುಚ್ಚಿದ ಕೂಡಲೇ ನೀವು ಪೆನ್ನು ವಾಪಸ್ ಕೇಳಬೇಕು. ಆಯ್ತಾ ಟೀಚರ್?" ಎಂದರು. ಆಯಿತು ಎಂದೆ. ಆಮೇಲೆ ತೆಂಗಿನಕಾಯಿ, ಕೊಡೆ, ಬಸ್ಸು ಎಂದು ಮೂರು ಶಬ್ದ ಹೇಳಿ ನೆನಪಿಟ್ಟುಕೊಳ್ಳಿ ಎಂದರು. ನೂರರಿಂದ ಏಳೇಳು ಕಳೆಯುತ್ತಾ ಹೋಗಿ ಎಂದರು. ಹತ್ತೊಂಬತ್ತು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳಿಗೆ ಅದೊಂದು ಪರೀಕ್ಷೆಯೇ? ಸರಸರ ಇಳಿದು ಎರಡಕ್ಕೆ ಬಂದು ನಿಂತೆ. ಮೂರು ಶಬ್ದಗಳನ್ನೂ ಹೇಳಿ, ಬೇಕಿದ್ದರೆ ಹಿಂದುಮುಂದಾಗಿಯೂ ಹೇಳುತ್ತೇನೆ ಎಂದೆ. ಅವರು ನಕ್ಕು ಫೈಲು ಮುಚ್ಚಿದರು. ನಾನು ಎದ್ದು ಕೈಮುಗಿದು ಹೊರಟೆ. ಬಾಗಿಲಿನ ಹಿಡಿಕೆಗೆ ಕೈ ಹಾಕಿದಾಗ ಅವರು ಡ್ರಾಯರು ಎಳೆದು ಪೆನ್ನನ್ನು ಎತ್ತಿ ತೋರಿಸಿದರು.

ಪೆನ್ನು ಕಂಡದ್ದೇ ಎಲ್ಲವೂ ನೆನಪಿಗೆ ಬಂತು. ಅವರು ಹೇಳಿದ ಮಾತು, ನಾನು ಆಯಿತು ಎಂದದ್ದು, ಎಲ್ಲ ಚೊಕ್ಕಟವಾಗಿ ಒಳಗೇ ಕೂತಿತ್ತು. ಏಳಬೇಕಾದ ಹೊತ್ತಿಗೆ ಎದ್ದು ಬರಲಿಲ್ಲ, ಅಷ್ಟೆ.

"ನಿಮ್ಮ ನೆನಪು ಸರಿ ಉಂಟು ಟೀಚರ್," ಎಂದರು ಡಾಕ್ಟರು. "ನೆನಪಾಗುವುದು ಸರಿ ಇಲ್ಲ."

ನನಗೆ ಭಯವಾಗಬೇಕಿತ್ತು. ಭಯ ಆಮೇಲೆ ಆಯಿತು, ಬೇಕಾದಷ್ಟು. ಆದರೆ ಆ ಕ್ಷಣಕ್ಕೆ ಆದದ್ದು ಕುತೂಹಲ. ನೆನಪು, ನೆನಪಾಗುವುದು, ಇವೆರಡೂ ಬೇರೆ ಬೇರೆ ಸಾಮಾನು ಎಂದು ನಲವತ್ತಾರು ವರ್ಷ ನನಗೆ ಗೊತ್ತೇ ಇರಲಿಲ್ಲ. ಹಾಗಾದರೆ ಇಷ್ಟು ದಿನ ನನಗೆ ಹೊತ್ತು ಹೊತ್ತಿಗೆ ನೆನಪು ಮಾಡಿಕೊಡುತ್ತಿದ್ದವರು ಯಾರು?

ಶುರುವಾದದ್ದು ಜೂನ್ ತಿಂಗಳ ಒಂದು ಸಾದಾ ಜ್ವರದಿಂದ. ಜೊತೆಗೆ ತಲೆನೋವು. ಮಳೆಗಾಲದಲ್ಲಿ ಮಂಗಳೂರಿನಲ್ಲಿ ಜ್ವರ ಬಾರದವರು ಯಾರು ಎಂದು ಮಾತ್ರೆ ನುಂಗಿ ಮಲಗಿದೆ. ಮೂರನೆಯ ದಿನ ನಮ್ಮ ಕೆಳಗಿನ ಫ್ಲ್ಯಾಟಿನ ಹಿಲ್ಡಾ ಬಾಯಿ ಮೆಟ್ಟಿಲಿನಲ್ಲಿ ಸಿಕ್ಕಿದರು. ಅವರು ಇಪ್ಪತ್ತು ವರ್ಷ ಗಲ್ಫಿನಲ್ಲಿ ನರ್ಸ್ ಆಗಿದ್ದು ಬಂದವರು. ಒಂದೇ ಮೆಟ್ಟಿಲ ಮೇಲೆ ನಿಂತು ನಾನು ಅವರನ್ನು "ಊಟ ಆಯ್ತಾ ಬಾಯಿ?" ಎಂದು ನಾಲ್ಕು ಸಲ ಕೇಳಿದೆನಂತೆ. ನಾಲ್ಕನೆಯ ಸಲಕ್ಕೆ ಅವರು ನನ್ನ ರಟ್ಟೆ ಹಿಡಿದುಕೊಂಡೇ ಮೇಲೆ ಬಂದು ನನ್ನ ಗಂಡನಿಗೆ ಹೇಳಿದರು: "ಇದು ಬರೀ ಜ್ವರ ಅಲ್ಲ ಮಾರಾಯ್ರೆ. ಅಂಗಿ ಬದಲಾಯಿಸುವುದು ಬೇಡ, ಹೀಗೇ ಹೊರಡಿ." ಫಳ್ನೀರಿನ ಆಸ್ಪತ್ರೆ ತಲುಪುವ ಮೊದಲೇ ಕಾರಿನಲ್ಲಿ ನನಗೆ ಫಿಟ್ಸ್ ಬಂತು. ಮೆದುಳಿಗೆ ಉರಿಯೂತ ಎಂದರು. ಹತ್ತೊಂಬತ್ತು ದಿನ ಆಸ್ಪತ್ರೆಯಲ್ಲಿದ್ದೆ. ಅದರಲ್ಲಿ ಮೊದಲ ಏಳು ದಿನ ನನ್ನ ಲೆಕ್ಕದಲ್ಲಿ ಇಲ್ಲ. ಅಲ್ಲಿನ ಆಯಾ ಒಬ್ಬಳು ಪ್ರಜ್ಞೆ ಇಲ್ಲದ ನನ್ನ ಕೂದಲು ಬಾಚಿ ದಿನಾ ಜಡೆ ಹೆಣೆಯುತ್ತಿದ್ದಳಂತೆ. ಯಾರೂ ಹೇಳಿರಲಿಲ್ಲ, ಅವಳೇ ಮಾಡಿದ್ದು. ಈಗಲೂ ಕನ್ನಡಿಯ ಎದುರು ಜಡೆ ಹಾಕಿಕೊಳ್ಳುವಾಗ ಅವಳ ಮುಖ ನೆನಪು ಮಾಡಿಕೊಳ್ಳಲು ನೋಡುತ್ತೇನೆ. ಸಿಗುವುದಿಲ್ಲ, ಕೈ ಮಾತ್ರ ಸಿಗುತ್ತದೆ.

ಬಿಡುಗಡೆಯ ದಿನ ವಾರ್ಡಿನವರಿಗೆ "ಬರ್ತೇನೆ" ಎಂದೆ. ಜೊತೆಗಿದ್ದ ಹಿಲ್ಡಾ ಬಾಯಿ ನನ್ನ ಬಾಯಿ ಮುಚ್ಚಿಯೇ ಬಿಟ್ಟರು. "ಆಸ್ಪತ್ರೆಯಲ್ಲಿ ಯಾರಾದ್ರೂ ಬರ್ತೇನೆ ಹೇಳ್ತಾರಾ? ಸುಮ್ಮನೆ ನಡೀರಿ." ನಮ್ಮ ಕಡೆ ಹೀಗೆ. ಮನೆಯಿಂದ ಹೊರಡುವಾಗ ಯಾರೂ ಹೋಗುತ್ತೇನೆ ಎನ್ನುವುದಿಲ್ಲ. ತುಳುವಿನಲ್ಲಿ ನಾವು "ಬರ್ಪೆ" ಎನ್ನುತ್ತೇವೆ, ಹಿಲ್ಡಾ ಬಾಯಿ ಕೊಂಕಣಿಯಲ್ಲಿ "ಯೆತಾಂ" ಎನ್ನುತ್ತಾರೆ. ಎರಡಕ್ಕೂ ಅರ್ಥ ಬರುತ್ತೇನೆ ಎಂದೇ. ಯಾರಾದರೂ ಹೋದರು ಎಂದರೆ ಅದು ಬೇರೆ ಹೋಗುವುದು, ಮತ್ತೆ ಬಾರದ್ದು. ಆಸ್ಪತ್ರೆಯಲ್ಲಿ ಮಾತ್ರ ಇದು ಉಲ್ಟಾ, ಅಲ್ಲಿಂದ ಮಾತಿಲ್ಲದೆ ಬರಬೇಕು. ಈ ಪದ್ಧತಿಯನ್ನು ನಾನು ಅಂದು ನಕ್ಕು ಮರೆತೆ. ಅದು ಮುಂದೆ ನಮ್ಮ ಫೋನಿನೊಳಗೆ ಬಂದು ಕೂರುತ್ತದೆ ಎಂದು ಗೊತ್ತಿರಲಿಲ್ಲ.

ಮನೆಗೆ ಬಂದ ಮೇಲೆ ನನ್ನ ಸ್ಥಿತಿ ಹೀಗಿತ್ತು. ಹತ್ತನೇ ತರಗತಿಯ ಪ್ರಮೇಯಗಳೆಲ್ಲ ಬಾಯಿಗೆ ಬರುತ್ತಿದ್ದವು. ಒಲೆಯ ಮೇಲೆ ಹಾಲಿಟ್ಟದ್ದು ಮಾತ್ರ, ಅಡುಗೆಮನೆಯಿಂದ ಹೊರಗೆ ಕಾಲಿಟ್ಟ ಮೇಲೆ ಇಲ್ಲ. ದಿನಕ್ಕೆ ಮೂರು ಹೊತ್ತು ಫಿಟ್ಸ್ ತಡೆಯುವ ಮಾತ್ರೆ. ಅಲಾರಾಂ ಇಟ್ಟೆವು. ಅದು ಹೊಡೆಯುವಾಗ ನಾನು ಬಟ್ಟೆ ಒಣಗಿಸುತ್ತಿದ್ದರೆ, "ಹ್ಞಾಂ, ಆಯ್ತು" ಎಂದು ನಿಲ್ಲಿಸಿ ಇನ್ನೊಂದು ಬಟ್ಟೆ ಕೊಡವುತ್ತಿದ್ದೆ. ಅಲ್ಲಿಗೆ ಮಾತ್ರೆಯ ಕಥೆ ಮುಗಿಯಿತು. ಮಾತ್ರೆಯ ಹೆಚ್ಚುವರಿ ಸ್ಟ್ರಿಪ್ ಒಂದನ್ನು ಚೀಲದಲ್ಲಿಟ್ಟು ನೋಡಿದೆವು. ಮೇಜಿನದ್ದೂ ನುಂಗಿ, ಚೀಲದ್ದೂ ನುಂಗಿ ಒಂದಿಡೀ ದಿನ ತೂಕಡಿಸಿದೆ. ಕೊನೆಗೆ ಡಾಕ್ಟರು, ಮಾತ್ರೆ ಇಡೀ ಮನೆಯಲ್ಲಿ ಒಂದೇ ಕಡೆ ಇರಬೇಕು, ವಾರದ ಖಾನೆಗಳಿರುವ ಒಂದು ಡಬ್ಬಿಯಲ್ಲಿ ಮಾತ್ರ, ಎಂದು ಕಟ್ಟುನಿಟ್ಟು ಮಾಡಿದರು. ಬೆಳಿಗ್ಗೆ, ರಾತ್ರಿ ಅದು ಊಟದ ಮೇಜಿನ ಮೇಲೆ. ಶಾಲೆ ಇದ್ದ ದಿನ ಮಧ್ಯಾಹ್ನಕ್ಕಾಗಿ ಅದು ನನ್ನ ಜೊತೆ ಬರಬೇಕು.

ಶಾಲೆ. ನನಗೆ ಬೇಕಿದ್ದದ್ದು ಅದೊಂದೇ. ದಸರಾ ರಜೆ ಮುಗಿದ ಮೇಲೆ ಬರಬಹುದು ಎಂದಿದ್ದರು ನಮ್ಮ ಮುಖ್ಯೋಪಾಧ್ಯಾಯಿನಿ. ಆದರೆ ಮನೆಯವರು ಬಂದು ಕಾದು ಕೂರುವ ಹಾಗಿದ್ದರೆ ಕಷ್ಟ ಎಂದೂ ಹೇಳಿದ್ದರು. ಡಾಕ್ಟರು ಹೇಳಿದ್ದು ಇನ್ನೂ ನೇರ: ಮಾತ್ರೆ ತಪ್ಪದಿದ್ದರೆ ಒಬ್ಬರೇ ಬಸ್ಸಿನಲ್ಲಿ ಓಡಾಡಿ, ಇನ್ನೊಂದು ಫಿಟ್ಸ್ ಬಂದರೆ ಅದು ಬಂದ್. ಒಬ್ಬಳೇ ಹೋಗಿ ಒಬ್ಬಳೇ ಬರುವುದು ಎಂಬುದಕ್ಕೆ ಇಷ್ಟು ಬೆಲೆ ಇದೆ ಎಂದು ಕಾಯಿಲೆ ಬೀಳದವರಿಗೆ ತಿಳಿಯುವುದಿಲ್ಲ. ನಾಲ್ಕು ತಿಂಗಳು ನಾನು ಬಚ್ಚಲುಮನೆಗೂ ಚಿಲಕ ಹಾಕಿಕೊಂಡಿರಲಿಲ್ಲ.

ನನ್ನ ಗಂಡನದು ಪಣಂಬೂರಿನ ಬಂದರಿನಲ್ಲಿ ಹಡಗಿನ ಸರಕಿನ ಕಾಗದಪತ್ರ ನೋಡುವ ಕೆಲಸ. ಉಪಾಯ ಹೊಳೆದದ್ದು ಇವರಿಗೇ. (ಮನೆಯಲ್ಲಿ ನಾವು ಮಾತಾಡುವುದು ತುಳು. ಇಲ್ಲಿ ಅದನ್ನು ನಮ್ಮೂರಿನ ಕನ್ನಡದಲ್ಲಿ ಬರೆಯುತ್ತಿದ್ದೇನೆ.)

"ಕಂಟೇನರ್ ಗೇಟಿಗೆ ಮುಟ್ಟಿದ ಕೂಡಲೇ ನಮ್ಮ ಫೋನಿಗೆ ಮೆಸೇಜ್ ಬರ್ತದೆ," ಎಂದರು. "ಗಂಟೆ ನೋಡಿ ಅಲ್ಲ, ಜಾಗ ನೋಡಿ. ನಿನಗೂ ಹಾಗೆ ಮಾಡಿದ್ರೆ ಎಂತ?"

"ನಾನು ಕಂಟೇನರಾ?"

"ಅಷ್ಟು ಭಾರ ಇಲ್ಲ ನೀನು. ಆದ್ರೆ ಎಲ್ಲಿ ಇಳಿಸಿದ್ರೆ ಅಲ್ಲೇ ಕೂತುಕೊಳ್ತಿ."

ಹೀಗೆ ನಮ್ಮ ಊಟದ ಮೇಜು ಕಾರ್ಖಾನೆಯಾಯಿತು. ಫೋನಿನ ನಕ್ಷೆಯ ಮೇಲೆ ಒಂದು ಜಾಗಕ್ಕೆ ಬೆರಳಿಟ್ಟರೆ ಅದರ ಸುತ್ತ ಒಂದು ನೀಲಿ ವೃತ್ತ ಮೂಡುತ್ತದೆ. ಆ ವೃತ್ತದೊಳಗೆ ಹೋದರೆ ಫೋನು ಕೂಗಿ, ನಾವು ಬರೆದಿಟ್ಟ ಮಾತನ್ನು ತೋರಿಸುತ್ತದೆ. ಕೇಂದ್ರ, ತ್ರಿಜ್ಯ ಎಂದು ಸಾವಿರಾರು ಮಕ್ಕಳ ತಲೆ ತಿಂದವಳು ನಾನು, ಈಗ ನನ್ನ ಬದುಕಿಗೇ ತ್ರಿಜ್ಯ ಹುಡುಕಬೇಕಾಗಿ ಬಂತು. ಸುಮಾರು ನೂರು ಮೀಟರಿಗಿಂತ ಸಣ್ಣ ವೃತ್ತ ಹಾಕಿದರೆ ಫೋನಿಗೆ ಕಣ್ಣು ಕಾಣುವುದಿಲ್ಲ. ದೊಡ್ಡದು ಹಾಕಿದರೆ ಊರೆಲ್ಲ ಒಳಗೆ ಬರುತ್ತದೆ. ಅದಕ್ಕೆ ಮೇಲೆ ಕೆಳಗೆ ಎಂಬುದೂ ತಿಳಿಯದು. ಹಿಲ್ಡಾ ಬಾಯಿಯ ಮನೆಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದರೆ, ಮನೆ ತಲುಪಿದಿ, ಅನ್ನಕ್ಕಿಡು ಎನ್ನುತ್ತಿತ್ತು. ಬಾಯಿ, "ಇಡಿ ಇಡಿ, ನನಗೂ ಸೇರಿಸಿ ಇಡಿ," ಎನ್ನುತ್ತಿದ್ದರು.

ಮೀನು ಮಾರ್ಕೆಟ್ಟಿನ ಹತ್ತಿರ ಬಂದಾಗ ಮೀನು ತಾ ಎಂದು ಹಾಕಿಕೊಂಡೆ. ಮಾರ್ಕೆಟ್ಟಿನ ಎದುರು ದಾಟಿದಾಗಲೆಲ್ಲ ಅದು ಕೂಗಿತು. ಫೋನಿಗೆ ವಿಧೇಯಳಾಗಿ ಒಂದೇ ವಾರದಲ್ಲಿ ಮೂರು ಸಲ ಬಂಗುಡೆ ತಂದೆ. ನಂತೂರು ಜಂಕ್ಷನ್ನಿನಲ್ಲಿ ಬಸ್ಸಿಳಿಯಬೇಕಾದ ಕಡೆ, ಇಳಿಯಲು ಏಳು ಎಂದು ಹಾಕಿದ್ದೆ. ಅಲ್ಲಿ ಲಾರಿಗಳ ಸಾಲಿನಲ್ಲಿ ಬಸ್ಸು ವೃತ್ತದ ಅಂಚಿನಲ್ಲೇ ನಿಂತುಬಿಡುತ್ತದೆ. ಫೋನಿಗೆ ತಾನು ಒಳಗೋ ಹೊರಗೋ ಎಂದು ಗೊತ್ತಾಗದೆ ಐದು ಸಲ ಕೂಗುತ್ತಿತ್ತು, ನಾನು ಐದು ಸಲ ಎದ್ದು ಕೂರುತ್ತಿದ್ದೆ. ನಾನು ಹೀಗೆ ಎದ್ದು ಕೂರುವುದನ್ನು ನೋಡಿ ನೋಡಿ ಕಂಡಕ್ಟರು ಒಂದು ದಿನ, "ಕೂತ್ಕೊಳ್ಳಿ ಮೇಡಂ, ಬಂದಾಗ ನಾನೇ ಹೇಳ್ತೇನೆ. ನಿಮ್ಮ ಫೋನಿಗಿಂತ ನನಗೆ ಜಾಗ ಗೊತ್ತುಂಟು," ಎಂದರು. ಆ ವೃತ್ತವನ್ನು ಅಂದೇ ತೆಗೆದೆ. ಮನುಷ್ಯ ಇರುವ ಕಡೆ ಯಂತ್ರ ಬೇಡ ಎಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ಹೌದು, ಒಂದು ನೋಟ್‌ಬುಕ್ಕು ಇಟ್ಟಿದ್ದೆ. ಯಾವುದು ಕೆಲಸ ಮಾಡಿತು, ಯಾವುದು ಇಲ್ಲ ಎಂದು. ಅದರಲ್ಲಿ ನನಗೆ ಅತಿ ಇಷ್ಟದ ಪುಟ ಮಾತಿನ ಬಗ್ಗೆ. ಇವರು ಮೊದಲು "ಗ್ಯಾಸ್ ಆಫ್ ಮಾಡಿದ್ದೀಯಾ?" ಎಂದು ಬರೆದಿದ್ದರು. ಪ್ರಶ್ನೆ ಕೇಳಿದರೆ ನನ್ನ ಮನಸ್ಸು ಕೂತಲ್ಲಿಂದಲೇ ಹೌದು ಎನ್ನುತ್ತದೆ, ಏಳುವುದಿಲ್ಲ. "ಗ್ಯಾಸಿನ ನಾಬು ಮುಟ್ಟು" ಎಂದು ಬದಲಾಯಿಸಿದೆ. ಮುಟ್ಟು ಎಂದರೆ ಕೈ ಹೋಗಲೇಬೇಕು. ಮಕ್ಕಳಿಗೆ ಅರ್ಥವಾಯಿತಾ ಎಂದು ಕೇಳಬಾರದು, ಬೋರ್ಡಿಗೆ ಬಂದು ಮಾಡಿ ತೋರಿಸು ಎನ್ನಬೇಕು. ಕಾಯಿಲೆ ನನ್ನ ಪಾಠವನ್ನೇ ನನಗೆ ಕಲಿಸಿತು.

ಉಳಿದದ್ದು ಡಬ್ಬಿ. ಬೆಳಿಗ್ಗೆ ನಾನು ಮನೆ ಬಿಡುವಾಗ ಅದು ಚೀಲದಲ್ಲಿರಬೇಕು. ಶಾಲೆಯಲ್ಲಿ ತೊಂದರೆ ಇಲ್ಲ, ಬುತ್ತಿ ಬಿಚ್ಚುವಾಗ ಡಬ್ಬಿ ಕಂಡರೆ ನುಂಗುತ್ತೇನೆ. ಅದು ಅಲ್ಲಿಯವರೆಗೆ ಬಂದರೆ ಸಾಕು. ನನ್ನ ಫೋನಿನಲ್ಲಿ ಎಲ್ಲವೂ ಕನ್ನಡದಲ್ಲಿದೆ. ವೃತ್ತ ಎಳೆದ ಮೇಲೆ ಅದು ಎರಡರಲ್ಲಿ ಒಂದನ್ನು ಒತ್ತಲು ಹೇಳುತ್ತದೆ: "ನೀವು ಇಲ್ಲಿಗೆ ಬಂದಾಗ" ಅಥವಾ "ನೀವು ಇಲ್ಲಿಂದ ಹೋದಾಗ". ಇವರು ಡಬ್ಬಿಗೆ ಮನೆಯ ವೃತ್ತ ಇಡಲಿಲ್ಲ. ಬಸ್ ಸ್ಟಾಪಿಗೆ ಎಳೆದು "ಬಂದಾಗ" ಒತ್ತಿದರು.

"ಮನೆಯಿಂದ ಹೋದಾಗ ಅಂತ ಹಾಕಿದ್ರೆ ಸುಲಭ ಅಲ್ವಾ?" ಎಂದು ಕೇಳಿದೆ.

"ಹೋದಾಗ ಅಂದ್ರೆ ಹೋದ ಮೇಲೆ ಹೇಳ್ತದೆ. ಹೋದ ಮೇಲೆ ಹೇಳಿ ಎಂತ ಪ್ರಯೋಜನ?" ಎಂದರು ಇವರು, ಸ್ವಲ್ಪ ಗಡುಸಾಗಿ.

ಸರಿ ಅನಿಸಿತು. ಮನೆಯ ವೃತ್ತದ ಅಂಚಿಗಿಂತ ಬಸ್ ಸ್ಟಾಪೇ ದೂರ, ಅಲ್ಲಿಂದ ಹಿಂದೆ ಬರುವುದು ಇನ್ನೂ ಕಷ್ಟ ಎಂಬ ಒಂದನೇ ತರಗತಿಯ ಲೆಕ್ಕ ಗಣಿತದ ಟೀಚರಿಗೆ ಹೊಳೆಯಲಿಲ್ಲ.

ಮೂರು ವಾರ ಚೆನ್ನಾಗಿಯೇ ಹೋಯಿತು. ಎರಡು ಸಲ ಸ್ಟಾಪಿನಿಂದ ಓಡಿಬಂದು ಡಬ್ಬಿ ತೆಗೆದುಕೊಂಡು ಹೋದೆ. ನಾಲ್ಕನೆಯ ವಾರ ಪೈಪು ಹಾಕಲು ಸ್ಟಾಪಿನ ಎದುರು ರಸ್ತೆ ಅಗೆದರು. ಬಸ್ಸು ಮೇಲಿನ ತಿರುವಿನಲ್ಲಿ ನಿಲ್ಲತೊಡಗಿತು. ನಾನು ಎಲ್ಲರ ಜೊತೆ ಮೇಲಕ್ಕೆ ನಡೆದೆ. ವೃತ್ತದೊಳಗೆ ಕಾಲಿಡಲೇ ಇಲ್ಲ. ಫೋನು ಸುಮ್ಮನಿತ್ತು, ನಾನೂ ಸುಮ್ಮನಿದ್ದೆ. ಗುರುವಾರ ಹೀಗೆ. ಅಂದು ರಾತ್ರಿ ರಾತ್ರಿಯ ಖಾನೆ ಮಾತ್ರ ತೆರೆದು ನುಂಗಿದೆ, ಮಧ್ಯಾಹ್ನದ್ದನ್ನು ಯಾರೂ ನೋಡಲಿಲ್ಲ. ಶುಕ್ರವಾರವೂ ಹೀಗೆ.

ಶುಕ್ರವಾರ ಮಧ್ಯಾಹ್ನದ ಮೇಲೆ ಹತ್ತನೇ ತರಗತಿಗೆ ಸ್ಪರ್ಶಕದ ಪಾಠ. ಬೋರ್ಡಿನ ಮೇಲೆ ದೊಡ್ಡ ವೃತ್ತ ಬರೆದು, ಅದನ್ನು ಒಂದೇ ಬಿಂದುವಿನಲ್ಲಿ ಮುಟ್ಟಿ ಹೋಗುವ ರೇಖೆ ಎಳೆಯುತ್ತಿದ್ದೆ. ರೇಖೆ ಮುಗಿದದ್ದು ನನಗೆ ಗೊತ್ತಿಲ್ಲ. ಎಚ್ಚರವಾದಾಗ ಸ್ಟಾಫ್ ರೂಮಿನ ಬೆಂಚಿನ ಮೇಲಿದ್ದೆ. ಕೈಯಲ್ಲಿ ಸೀಮೆಸುಣ್ಣದ ಪುಡಿ, ನಾಲಿಗೆ ಕಚ್ಚಿಕೊಂಡು ಬಾಯೆಲ್ಲ ಉಪ್ಪುಪ್ಪು. ಮಕ್ಕಳು ಹೆದರಿ ಅತ್ತರಂತೆ. ನೋವಿಗಿಂತ ಅದೇ ನನ್ನನ್ನು ಸುಟ್ಟಿತು. ಸಂಜೆ ಮನೆಯಲ್ಲಿ ಮೇಜಿನ ಮೇಲೆ ಡಬ್ಬಿ ಇತ್ತು, ಎರಡು ದಿನದ ಮಧ್ಯಾಹ್ನದ ಖಾನೆಗಳಲ್ಲಿ ಎರಡು ಬಿಳಿ ಮಾತ್ರೆ. ಇವರು ಅದನ್ನು ನೋಡಿದರು, ನನ್ನನ್ನು ನೋಡಲಿಲ್ಲ.

ಸೋಮವಾರ ಫಳ್ನೀರಿಗೆ ಹೋದೆವು. ಒಬ್ಬಳೇ ಓಡಾಡುವುದು ಇಂದಿಗೆ ಮುಗಿಯಿತು, ಶಾಲೆಯೂ ಮುಗಿಯಿತು ಎಂದೇ ದಾರಿಯುದ್ದಕ್ಕೂ ಅಂದುಕೊಂಡೆ. ಟೋಕನ್ ತೆಗೆದುಕೊಂಡು ಕಾಯುವ ಕುರ್ಚಿಯಲ್ಲಿ ಕೂತೆವು. ಇವರ ಫೋನು ಸಣ್ಣಗೆ ಕೂಗಿತು. ಇವರು ನೋಡದೆಯೇ ಬೆರಳಿನಿಂದ ಸರಿಸಲು ಹೋದರು. ಆ ಶಬ್ದ ನನಗೆ ಚೆನ್ನಾಗಿ ಗೊತ್ತು, ಅದು ಜಾಗದ ಕೂಗು. ಇವರ ಫೋನಿನಲ್ಲಿ ಜಾಗದ ಕೂಗು ಯಾಕೆ? ಕುತೂಹಲ ತಡೆಯಲಾಗದೆ ಕೈಯಿಂದ ಕಸಿದುಕೊಂಡು ಓದಿದೆ.

"ಮೊದಲು ನಲ್ಲಿಗೆ ಹೋಗು. ಮುಖ ತೊಳೆದುಕೊಂಡು ಒಳಗೆ ಹೋಗು."

"ಇದೆಂತ?"

ಇವರು ಫೋನು ವಾಪಸ್ ತೆಗೆದುಕೊಂಡು ಜೇಬಿಗೆ ಹಾಕಿಕೊಂಡರು. "ನೀನು ಐಸಿಯುವಿನಲ್ಲಿ ಇದ್ದಾಗ ಹಾಕಿದ್ದು. ಸ್ಕೂಟರಿನಲ್ಲಿ ಬರುವಾಗ ಕಣ್ಣೀರು ಬರ್ತಿತ್ತು. ಅದೇ ಮುಖದಲ್ಲಿ ಒಳಗೆ ಬಂದ್ರೆ ನಿನಗೆ ಗೊತ್ತಾಗ್ತದೆ ಅಂತ. ಎಚ್ಚರ ಇರ್ಲಿಲ್ಲ ನಿನಗೆ, ಆದ್ರೂ."

ನನ್ನ ಗಂಡ ಅತ್ತದ್ದನ್ನು ನಾನು ಕಂಡಿಲ್ಲ. ಅವರಪ್ಪ ತೀರಿಕೊಂಡ ದಿನವೂ ಬಂದವರಿಗೆ ಕುರ್ಚಿ ಹಾಕುತ್ತಿದ್ದರು. ನನಗಿಂತ ಮೊದಲೇ ಇವರು ತಮಗಾಗಿ ಒಂದು ವೃತ್ತ ಎಳೆದುಕೊಂಡಿದ್ದರು ಎಂಬುದೇ ನನಗೆ ತಿಳಿದಿರಲಿಲ್ಲ. ಆಮೇಲೆ ಉಳಿದದ್ದನ್ನೂ ಹೇಳಿದರು, ನೆಲ ನೋಡುತ್ತಾ.

"ಆರನೇ ದಿನ ಡಾಕ್ಟ್ರು ನನ್ನನ್ನು ಹೊರಗೆ ಕರೆದು, ಹತ್ತಿರದವರಿಗೆ ಹೇಳುವುದಿದ್ರೆ ಹೇಳಿ ಅಂದ್ರು. ಯಾರಿಗೂ ಹೇಳ್ಲಿಲ್ಲ ನಾನು. ಹೇಳಿದ್ರೆ ಆಗ್ತದೆ ಅಂತ ಹೆದರಿಕೆ. ಡಬ್ಬಿಗೆ ಅಂತ ಮೊದಲು ನಿನ್ನ ಫೋನಿನಲ್ಲಿ ನಮ್ಮ ಮನೆಗೇ ವೃತ್ತ ಎಳೆದೆ. ಕೆಳಗೆ ಬಂತು, 'ನೀವು ಇಲ್ಲಿಂದ ಹೋದಾಗ' ಅಂತ. ಒತ್ತಲಿಕ್ಕೆ ಆಗ್ಲಿಲ್ಲ ಮಾರಾಯ್ತಿ. ಬೆರಳು ಹೋಗ್ಲೇ ಇಲ್ಲ. ಅದಕ್ಕೇ ಬಸ್ ಸ್ಟಾಪಿಗೆ ಹಾಕಿದ್ದು. ನನ್ನಿಂದ ಆದದ್ದು ಇದು."

ಸಿಟ್ಟು ಬರಬೇಕಿತ್ತೇ? ಒಂದು ಶಬ್ದಕ್ಕೆ ಹೆದರಿ ನನ್ನ ಶಾಲೆಗೇ ಕುತ್ತು ತಂದಿದ್ದರು. ಬರಲಿಲ್ಲ. ಐದು ತಿಂಗಳಿನಿಂದ ಕಾಯಿಲೆ ನನ್ನದು ಎಂದೇ ತಿಳಿದಿದ್ದೆ. ಅರ್ಧ ಇವರಿಗೂ ಬಂದಿತ್ತು, ಮತ್ತು ಇವರಿಗೆ ಟೋಕನ್ ಕೊಡುವವರು ಯಾರೂ ಇರಲಿಲ್ಲ. ಇವರ ಕೈ ಹಿಡಿದುಕೊಂಡು ಕೂತೆ. ಎದುರಿನ ಕುರ್ಚಿಯ ಅಜ್ಜಿಯೊಬ್ಬರು ನಮ್ಮನ್ನು ನೋಡಿ ಮುಖ ಬೇರೆ ಕಡೆ ತಿರುಗಿಸಿಕೊಂಡರು, ನಮಗೆ ಮುಜುಗರವಾಗದಿರಲಿ ಎಂದು. ಕಾಯುವ ಕೋಣೆಗಳಲ್ಲಿ ಇಂಥ ದೊಡ್ಡ ಮನಸ್ಸಿನವರು ಯಾವಾಗಲೂ ಒಬ್ಬರಾದರೂ ಇರುತ್ತಾರೆ.

ಒಳಗೆ ಡಾಕ್ಟರು ಎಲ್ಲವನ್ನೂ ಕೇಳಿಸಿಕೊಂಡರು. "ಇದು ಮಾತ್ರೆ ತಪ್ಪಿ ಬಂದ ಫಿಟ್ಸ್. ಹಾಗಾಗಿ ಒಂದು ಅವಕಾಶ ಉಂಟು," ಎಂದರು. ಒಂದು ತಿಂಗಳು ಜೊತೆಗೆ ಯಾರಾದರೂ ಬರಲಿ, ಆಮೇಲೆ ಒಬ್ಬರೇ ಹೋಗಿ ನೋಡಿ. ಇವರ ಕಡೆ ತಿರುಗಿ ಸೇರಿಸಿದರು: "ನೀವು ಡಬ್ಬಿ ಎತ್ತಿ ಕೊಡಬೇಡಿ. ಅವರು ಮರೆಯಲಿ. ಮರೆತದ್ದನ್ನು ಅವರೇ ಹಿಡಿಯುತ್ತಾರಾ ಅಂತ ನೋಡಬೇಕು." ಇವರು ತಲೆಯಾಡಿಸಿದರು. ಡಾಕ್ಟರು ಫೈಲು ಮುಚ್ಚಿದರು. ಆ ದಿನವೂ ಮೊದಲೇ ನನ್ನ ಪೆನ್ನು ಇಸಕೊಂಡಿದ್ದರು, ಆ ದಿನವೂ ನಾನು ಕೇಳಲಿಲ್ಲ.

ಮನೆಗೆ ಬಂದು ಮೇಜಿನ ಮುಂದೆ ಕೂತು ಮನೆಗೆ ವೃತ್ತ ಎಳೆದೆ. ಗೇಟಿನಿಂದ ಹಿಡಿದು ನಮ್ಮ ರಸ್ತೆಯ ಕೊನೆಯ ಅಂಗಡಿಯ ಮೂಲೆಯವರೆಗೆ. ಮೂಲೆಯಿಂದ ಮನೆಗೆ ವಾಪಸು ಬಂದು ಮತ್ತೆ ಮೂಲೆಗೆ ಹೋಗಲು ಐದು ನಿಮಿಷ, ಹಾಗಾಗಿ ಹತ್ತು ನಿಮಿಷ ಮೊದಲೇ ಹೊರಡುವುದು ಎಂದು ಬರೆದುಕೊಂಡೆ. ಹೋದ ಮೇಲೆ ಹೇಳಿದರೂ ಪ್ರಯೋಜನ ಉಂಟು, ವಾಪಸು ಬರಲು ಹೊತ್ತು ಇಟ್ಟುಕೊಂಡಿದ್ದರೆ. ಬರೆಯುವ ಮಾತು: "ಚೀಲ ತೆರೆ. ಡಬ್ಬಿ ಮುಟ್ಟು." ಆಮೇಲೆ ಫೋನನ್ನು ಇವರ ಮುಂದೆ ದೂಡಿದೆ.

"ನೀನೇ ಒತ್ತು," ಎಂದರು.

"ನನಗೆ ಗೊತ್ತುಂಟು ಒತ್ತಲಿಕ್ಕೆ. ನೀವು ಒತ್ತಿ."

ಇವರು ಅಂಗಿಗೆ ಬೆರಳು ಒರೆಸಿಕೊಂಡು "ಹೋದಾಗ" ಒತ್ತಿದರು. ಒತ್ತಿ ಕೂಡಲೇ ಮೂರು ಸಲ ಮೇಜಿನ ಮರ ಮುಟ್ಟಿದರು.

ಆ ಒಂದು ತಿಂಗಳು ಹಿಲ್ಡಾ ಬಾಯಿ ನನ್ನ ಜೊತೆ ಬಸ್ಸಿನಲ್ಲಿ ಬಂದು, ಶಾಲೆಯ ಗೇಟಿನಿಂದ ತಿರುಗಿ ಹೋಗುತ್ತಿದ್ದರು. ಸಂಜೆ ಮತ್ತೆ ಗೇಟಿನಲ್ಲಿ ಹಾಜರು. ಗಲ್ಫಿನಲ್ಲಿ ಡ್ಯೂಟಿ ಮಾಡಿದ್ದು ಸಾಲಲಿಲ್ಲ ಎಂದು ಗೊಣಗುತ್ತಾ, ದಾರಿಯಲ್ಲಿ ನನ್ನ ಹತ್ತಿರ ಅವರ ಮೊಮ್ಮಗಳ ಲೆಕ್ಕಗಳನ್ನೆಲ್ಲ ಬಿಡಿಸಿಕೊಂಡರು.

ತಿಂಗಳು ಮುಗಿದ ಮರುದಿನ ಬೆಳಿಗ್ಗೆ ನಾನು ಒಬ್ಬಳೇ. ಇವರು ದಿನಾ ಏಳೂವರೆಗೆ ಸ್ಕೂಟರು ಹತ್ತುವವರು, ಅಂದು ಎಂಟಾದರೂ ಪೇಪರು ಹಿಡಿದು ಕೂತಿದ್ದರು. ನಾನು ಬುತ್ತಿ ಕಟ್ಟಿಕೊಂಡೆ, ಕೊಡೆ ತೆಗೆದುಕೊಂಡೆ, ಗ್ಯಾಸಿನ ನಾಬು ಮುಟ್ಟಿದೆ. ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತು "ಬರ್ತೇನೆ" ಎಂದೆ. ಇವರು ಪೇಪರಿನಿಂದ ತಲೆ ಎತ್ತಲಿಲ್ಲ. "ಹೋಗಿ ಬಾ" ಎಂದರು. ಪೇಪರು ಇನ್ನೂ ಮೊದಲ ಪುಟದಲ್ಲೇ ಇತ್ತು. ಮೊದಲ ದಿನ ಅಲ್ಲವೇ ಎಂದುಕೊಂಡೆ.

ಅಂಗಡಿಯ ಮೂಲೆ ದಾಟಿ ನಾಲ್ಕು ಹೆಜ್ಜೆ ಹಾಕಿದ್ದೆ. ಚೀಲದಲ್ಲಿ ಫೋನು ಕೂಗಿತು. ರಸ್ತೆಯ ಬದಿಗೆ ನಿಂತು, ಚೀಲ ತೆರೆದು, ಕೈ ಹಾಕಿ ಮುಟ್ಟಿದೆ. ಬುತ್ತಿ ಇತ್ತು, ಪರ್ಸು ಇತ್ತು. ಡಬ್ಬಿ ಇರಲಿಲ್ಲ. ಇನ್ನೊಮ್ಮೆ ತಡಕಿದೆ, ಆಮೇಲೆ ನಗು ಬಂತು. ಹಿಡಿದೆ ಎಂದುಕೊಂಡೆ. ಮರೆತದ್ದನ್ನು ನಾನೇ ಹಿಡಿದೆ. ತಿರುಗಿ ನಡೆದೆ, ಓಡಲಿಲ್ಲ. ಹೊತ್ತು ಇಟ್ಟುಕೊಂಡಿದ್ದೆನಲ್ಲ.

ಬಾಗಿಲು ತೆರೆದೇ ಇತ್ತು. ಡಬ್ಬಿ ಮೇಜಿನ ಮೇಲೆ, ಇವರು ಕೂತಿದ್ದ ಜಾಗದಿಂದ ಒಂದು ಗೇಣು ದೂರದಲ್ಲಿತ್ತು. ನಾನು ಹೊರಡುವಾಗಲೂ ಅದು ಅಲ್ಲೇ ಇತ್ತು. ಇವರು ಅದನ್ನು ನೋಡುತ್ತಲೇ ಹೋಗಿ ಬಾ ಎಂದಿದ್ದರು. ಈಗ ನಡುಮನೆಯಲ್ಲಿ ನಿಂತಿದ್ದರು, ಮುಖ ತೊಳೆದುಕೊಂಡು, ಗಲ್ಲದಿಂದ ಅಂಗಿಗೆ ನೀರು ತೊಟ್ಟಿಕ್ಕುತ್ತಿತ್ತು.

ಡಬ್ಬಿ ತೆಗೆದು ಚೀಲಕ್ಕೆ ಹಾಕಿಕೊಂಡೆ.

"ಬರ್ತೇನೆ ಹೇಳಿದ್ದೆನಲ್ಲ," ಎಂದೆ. "ಬಂದೆ."